ಚಾರ್ಜ್ ಮಾಡಿದ ಸೆಲ್ ಹಾಕಿದರೂ ಸ್ಕ್ಯಾನರ್ ಯಾಕೆ ಬೀಪ್ ಅನ್ನುತ್ತದೆ?

ಓದುಗರ ಪ್ರಶ್ನೆ: ನನ್ನ ಹ್ಯಾಂಡ್‌ಹೆಲ್ಡ್ ರೇಡಿಯೊ ಸ್ಕ್ಯಾನರ್‌ಗೆ (ಒಂದೊಂದೇ ಚಾನೆಲ್ ಹುಡುಕಿ ಅಲ್ಲಿನ ಮಾತು ಕೇಳಿಸುವ ರೇಡಿಯೊ) ರೀಚಾರ್ಜ್ ಸೆಲ್ ಹಾಕಿದ್ದೇನೆ. ಸ್ವಲ್ಪ ಹೊತ್ತಿಗೇ ಬ್ಯಾಟರಿ ಕಡಿಮೆ ಅಂತ ಬೀಪ್ ಶುರುವಾಗುತ್ತದೆ. ಈ ಸೆಲ್‌ಗಳು ಬರೀ 1.2 ವೋಲ್ಟ್, ಸ್ಕ್ಯಾನರ್‌ಗೆ ಸಾಲುವುದಿಲ್ಲ ಅನ್ನುತ್ತಾರೆ. ನಿಜವೇ? ಎಚ್ಚರಿಕೆಯನ್ನು ಎಷ್ಟಕ್ಕೆ ಸೆಟ್ ಮಾಡಬೇಕು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ದಯವಿಟ್ಟು ಕೊನೆವರೆಗೂ ಓದಿ.

ಸೆಟ್ಟಿಂಗ್ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಮೆನುವಿನಲ್ಲಿ ಬ್ಯಾಟರಿ ಅನ್ನುವ ಪದ ಎಲ್ಲಿದೆ ಹುಡುಕಿ. ಅಲ್ಲಿ ಮೂರು ವಿಷಯ ಸಿಗಬಹುದು: ಹಾಕಿರುವ ಸೆಲ್ ಯಾವ ಜಾತಿಯದು, ಎಷ್ಟು ವೋಲ್ಟ್‌ಗೆ ಇಳಿದಾಗ ಎಚ್ಚರಿಸಬೇಕು, ಎಷ್ಟು ಸೆಕೆಂಡಿಗೊಮ್ಮೆ ಬೀಪ್ ಮಾಡಬೇಕು. ಎಲ್ಲ ಸ್ಕ್ಯಾನರ್‌ಗಳಲ್ಲೂ ಮೂರೂ ಇರುವುದಿಲ್ಲ. ವೋಲ್ಟ್ ನೀವೇ ಕೊಡಬಹುದಾದರೆ, ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗೆ, ಅಂದರೆ ನೀವು ಕೇಳುತ್ತಿರುವ 1.2 ವೋಲ್ಟ್ ರೀಚಾರ್ಜ್ ಸೆಲ್‌ಗೆ, ತಲಾ 1.1 ಇಡಿ. ಅಂದರೆ ಎರಡು ಸೆಲ್ ಇದ್ದರೆ 2.2, ಮೂರಿದ್ದರೆ 3.3, ನಾಲ್ಕಿದ್ದರೆ 4.4. ಆಲ್ಕಲೈನ್, ಅಂದರೆ ಬಳಸಿ ಎಸೆಯುವ 1.5 ವೋಲ್ಟ್ ಸೆಲ್ ಆದರೆ ತಲಾ 1.0 ಸಾಕು. ಲಿಥಿಯಂ ಅಯಾನ್ ಪ್ಯಾಕ್ ಇರುವ ಸ್ಕ್ಯಾನರ್ ಆದರೆ ಸೆಲ್‌ಗೆ ತಲಾ 3.5ರ ಆಸುಪಾಸು ಇಡಿ. ಬೀಪ್ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಬರಲಿ. ಅದಕ್ಕಿಂತ ಬೇಗ ಬೇಗ ಬಂದರೆ ಕೇಳಬೇಕಾದ ಮಾತೇ ಅದರಡಿ ಮುಚ್ಚಿಹೋಗುತ್ತದೆ. ಹಾಗಂತ ಪೂರ್ತಿ ಆಫ್ ಮಾಡಬೇಡಿ.

ಕೆಲವು ಸ್ಕ್ಯಾನರ್‌ಗಳಲ್ಲಿ ಸೆಲ್‌ನ ಜಾತಿ ಆರಿಸುವುದು ಮೆನುವಿನಲ್ಲಿ ಅಲ್ಲ. ಯುನಿಡೆನ್ ಕಂಪನಿಯ ಬಿಸಿ 125 ಎಟಿ ಅನ್ನುವ ಸ್ಕ್ಯಾನರ್‌ನಲ್ಲಿ ಸೆಲ್ ಕೂರುವ ಜಾಗದ ಒಳಗೆ ಒಂದು ಪುಟ್ಟ ಸ್ವಿಚ್ ಇದೆ. ಅದು ಆಲ್ಕಲೈನ್ ಕಡೆ ಇದ್ದರೆ ಸ್ಕ್ಯಾನರ್ ಒಳಗಿನ ಸೆಲ್ ಚಾರ್ಜ್ ಆಗುವುದೇ ಇಲ್ಲ. ರಾತ್ರಿಯಿಡೀ ಯುಎಸ್‌ಬಿ ಹಾಕಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಬೀಪ್ ಅಂತ ಬರೆಯುವವರು ಮೊದಲು ಆ ಮುಚ್ಚಳ ತೆಗೆದು ನೋಡಿ. ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಆಲ್ಕಲೈನ್ ಸೆಲ್ ಹಾಕಿ, ಸ್ವಿಚ್ ರೀಚಾರ್ಜ್ ಕಡೆ ಬಿಟ್ಟು, ಕೇಬಲ್ ಚುಚ್ಚಿದರೆ ಸೆಲ್ ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು.

ಈಗ ಆ 1.2 ವೋಲ್ಟ್ ಮಾತಿಗೆ ಬರುತ್ತೇನೆ. ಇದನ್ನು ಬೇರುಸಹಿತ ಕಿತ್ತು ಹಾಕದೆ ನನಗೆ ಸಮಾಧಾನವಿಲ್ಲ.

1.5ಕ್ಕಿಂತ 1.2 ಕಡಿಮೆ, ಹಾಗಾಗಿ ರೀಚಾರ್ಜ್ ಸೆಲ್ ಯಾವತ್ತೂ ಅರ್ಧ ಖಾಲಿ ಇದ್ದ ಹಾಗೆ ಅನ್ನುವುದು ವಾದ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಆ ಎರಡು ಸಂಖ್ಯೆಗಳು ಒಂದೇ ವಿಷಯವನ್ನು ಹೇಳುತ್ತಿಲ್ಲ. ಆಲ್ಕಲೈನ್ ಮೇಲಿನ 1.5 ಅನ್ನುವುದು ಸೆಲ್ ಹೊಸದಾಗಿದ್ದಾಗಿನ ಲೆಕ್ಕ. ಕೆಲಸ ಶುರುವಾದ ಗಳಿಗೆಯಿಂದಲೇ ಅದು ಇಳಿಯುತ್ತದೆ. 1.4, 1.3, 1.2, 1.1 ಹೀಗೆ ಒಂದು ಇಳಿಜಾರು. ರೀಚಾರ್ಜ್ ಸೆಲ್ ಮೇಲಿನ 1.2 ಅನ್ನುವುದು ಅದು ತನ್ನ ಹೆಚ್ಚಿನ ಸಮಯ ಕಳೆಯುವ ಮಟ್ಟ. ಚಾರ್ಜರ್‌ನಿಂದ ತೆಗೆದಾಗ ಅದೂ 1.4ರ ಹತ್ತಿರ ಇರುತ್ತದೆ. ಬೇಗ 1.25ರ ಆಸುಪಾಸಿಗೆ ಬಂದು, ಆಮೇಲೆ ಗಂಟೆಗಟ್ಟಲೆ ಅಲ್ಲೇ ಬಯಲಿನಂತೆ ಸಮವಾಗಿ ಸಾಗುತ್ತದೆ. ಕೊನೆಗೆ ಒಮ್ಮೆಲೇ ಹಳ್ಳ.

ಸ್ವಲ್ಪ ಯೋಚಿಸಿ. ಆಲ್ಕಲೈನ್ ಸೆಲ್‌ನ ಶಕ್ತಿಯನ್ನು ಪೂರ್ತಿ ಬಳಸಬೇಕಾದರೆ ಸ್ಕ್ಯಾನರ್ ತಲಾ ಒಂದು ವೋಲ್ಟ್‌ವರೆಗೂ ಕೆಲಸ ಮಾಡಲೇಬೇಕು. 1.2ರಲ್ಲೇ ನಿಂತುಹೋಗುವ ಸ್ಕ್ಯಾನರ್ ಇದ್ದರೆ, ಅದು ಆಲ್ಕಲೈನ್ ಸೆಲ್‌ನ ಉಳಿದ ಭಾಗವನ್ನು ಸುಮ್ನೆ ಎಸೆಯುತ್ತಿದೆ ಅಂತ ಅರ್ಥ, ಅಲ್ವಾ? ಅರ್ಧ ದಾರಿ ಕಳೆದ ಮೇಲೆ, ಸ್ಕ್ಯಾನರ್ ಓಡುತ್ತಿರುವಾಗಲೇ ಅಳೆದರೆ, 1.5ರ ಸೆಲ್‌ಗಿಂತ 1.2ರ ಸೆಲ್‌ನಲ್ಲೇ ಜಾಸ್ತಿ ವೋಲ್ಟ್ ಉಳಿದಿರುವುದನ್ನು ನೋಡಬಹುದು. ಮಲ್ಟಿಮೀಟರ್ ಇದ್ದವರು ಒಮ್ಮೆ ಮಾಡಿ ನೋಡಿ.

ಹಾಗಾದರೆ ಈ ತಪ್ಪು ನಂಬಿಕೆ ಯಾಕೆ ಸಾಯುವುದಿಲ್ಲ? ಪರದೆಯ ಮೇಲಿನ ಆ ಬ್ಯಾಟರಿ ಚಿತ್ರದಿಂದ. ಚಾರ್ಜ್ ಎಷ್ಟು ಉಳಿದಿದೆ ಅನ್ನುವುದು ಸ್ಕ್ಯಾನರ್‌ಗೆ ಗೊತ್ತಿಲ್ಲ. ಅದು ನೋಡುವುದು ವೋಲ್ಟೇಜ್ ಮಾತ್ರ, ಉಳಿದದ್ದು ಊಹೆ. ಸೆಲ್ ಜಾತಿ ಆಲ್ಕಲೈನ್ ಅಂತ ಸೆಟ್ ಆಗಿದ್ದರೆ, ತುಂಬಿದ ರೀಚಾರ್ಜ್ ಸೆಲ್‌ನ 1.25 ಅದಕ್ಕೆ ಅರ್ಧ ಸವೆದ ಆಲ್ಕಲೈನ್ ಹಾಗೆ ಕಾಣುತ್ತದೆ. ಚಿತ್ರ ಅರ್ಧ ತೋರಿಸುತ್ತದೆ, ನೋಡಿದವರು ಸೆಲ್ ಸರಿ ಇಲ್ಲ ಅನ್ನುತ್ತಾರೆ. ತಪ್ಪು ಸೆಲ್‌ನದಲ್ಲ, ಸೆಟ್ಟಿಂಗ್‌ನದು. ಎಚ್ಚರಿಕೆಗೂ ಇದೇ ಮಾತು. ರೀಚಾರ್ಜ್ ಸೆಲ್ 1.1ಕ್ಕೆ ಬಂತೆಂದರೆ ಹಳ್ಳದ ಅಂಚಿನಲ್ಲಿದೆ, ಆದ್ದರಿಂದ ಅಲ್ಲೇ ಎಚ್ಚರಿಸಬೇಕು. ಅದೇ 1.1ರಲ್ಲಿ ಆಲ್ಕಲೈನ್ ಇನ್ನೂ ಸ್ವಲ್ಪ ದೂರ ನಡೆಯುತ್ತದೆ.

ಬೀಪ್ ಬಂದು ಮತ್ತೆ ತಾನೇ ನಿಂತುಹೋಗುತ್ತದೆ ಅನ್ನುವವರಿಗೂ ಇಲ್ಲೇ ಉತ್ತರ ಇದೆ. ಪ್ರತಿ ಸೆಲ್ ಒಳಗೂ ಸ್ವಲ್ಪ ಪ್ರತಿರೋಧ ಇರುತ್ತದೆ. ಅದು 0.2 ಓಮ್ ಅಂದುಕೊಳ್ಳಿ. ಬ್ಯಾಕ್‌ಲೈಟ್ ಉರಿದು, ಸ್ಪೀಕರ್ ಜೋರಾಗಿ ಮಾತಾಡಿ, 300 ಮಿಲಿಆಂಪ್ ಹರಿದರೆ ತಲಾ 0.06 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಮೂರು ಸೆಲ್‌ಗೆ 0.18. ಮಾತು ನಿಂತಾಗ ಅಷ್ಟೂ ವಾಪಸ್. ಸೆಲ್ ಹಳೆಯದಾದಷ್ಟೂ, ಚಳಿ ಹೆಚ್ಚಿದಷ್ಟೂ ಈ ಪ್ರತಿರೋಧ ಏರುತ್ತದೆ. ಬ್ಯಾಕ್‌ಲೈಟ್ ಆರಿಸಿ, ಇಯರ್‌ಫೋನ್ ಹಾಕಿಕೊಂಡರೆ ಬೀಪ್ ಎಷ್ಟೋ ಸಲ ಮುಂದಕ್ಕೆ ಹೋಗುತ್ತದೆ.

ಹೋದ ತಿಂಗಳು ಚಾರ್ಜ್ ಮಾಡಿಟ್ಟದ್ದು ಅನ್ನುವುದೂ ಒಂದು ಕಾರಣ. ಮಾಮೂಲಿ ರೀಚಾರ್ಜ್ ಸೆಲ್ ಸುಮ್ನೆ ಇಟ್ಟರೂ ಇಳಿಯುತ್ತದೆ. 2005ರಲ್ಲಿ ಸ್ಯಾನ್ಯೊ ತಂದ ಎನೆಲೂಪ್ ಥರದ ಸೆಲ್‌ಗಳು ತಿಂಗಳುಗಟ್ಟಲೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತವೆ. ಯಾವಾಗಲೋ ಒಮ್ಮೆ ಸ್ಕ್ಯಾನರ್ ತೆಗೆಯುವವರು ಅಂಥದ್ದನ್ನೇ ಕೊಳ್ಳಿ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಲಿಲ್ಲ, ಆದರೆ ಕೇಳಬೇಕಿತ್ತು: ಸೆಟ್ಟಿಂಗ್ ಎಲ್ಲ ಸರಿ ಇದ್ದು, ಸೆಲ್ ತುಂಬಿದ್ದೂ ಬೀಪ್ ಬೇಗ ಬಂದರೆ? ಆಗ ಸೆಟ್‌ನಲ್ಲಿ ಒಂದೇ ಒಂದು ಸೆಲ್ ಸೋತಿರಬಹುದು. ಸ್ಕ್ಯಾನರ್ ನೋಡುವುದು ಒಟ್ಟು ಮೊತ್ತ. 1.25, 1.25, 0.8 ಸೇರಿದರೂ 3.3, ಮೂರೂ 1.1 ಇದ್ದರೂ 3.3. ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬೀಪ್ ಲೆಕ್ಕಿಸದೆ ಓಡಿಸುತ್ತಾ ಹೋದರೆ, ಗಟ್ಟಿ ಇರುವ ಎರಡು ಸೆಲ್‌ಗಳು ಸೋತದ್ದರ ಮೂಲಕ ಕರೆಂಟ್ ತಳ್ಳುತ್ತವೆ, ಅದರ ಧ್ರುವವೇ ತಿರುಗುತ್ತದೆ (ಪ್ಲಸ್ ಮೈನಸ್ ಅದಲುಬದಲು), ಆ ಸೆಲ್ ಕೆಡುತ್ತದೆ. ಪೂರ್ತಿ ಸಾಯುವವರೆಗೆ ಓಡಿಸಿದರೆ ಬ್ಯಾಟರಿಗೆ ಒಳ್ಳೆಯದು ಅನ್ನುವವರ ಮಾತನ್ನು ಕೇಳಬೇಡಿ ಅನ್ನುವುದು ಇದಕ್ಕೇ.

ನಾನು ಮಾಡುವುದು ಇಷ್ಟು. ಒಟ್ಟಿಗೆ ಕೊಂಡ ಮೂರು ಸೆಲ್‌ಗೆ ಮಾರ್ಕರ್‌ನಲ್ಲಿ ಒಂದೇ ಅಕ್ಷರ ಬರೆಯುತ್ತೇನೆ. ಹಾಕುವುದೂ ಒಟ್ಟಿಗೆ, ಚಾರ್ಜ್ ಮಾಡುವುದೂ ಒಟ್ಟಿಗೆ. ಬೀಪ್ ಬಂದಾಗ ತೆಗೆದು ಒಂದೊಂದನ್ನೇ ಅಳೆಯುತ್ತೇನೆ. ಎರಡು ಸಲ ಒಂದೇ ಸೆಲ್ ಉಳಿದವಕ್ಕಿಂತ 0.1 ವೋಲ್ಟ್ ಕೆಳಗೆ ಸಿಕ್ಕರೆ ಅದು ಸ್ಕ್ಯಾನರ್‌ನಿಂದ ಹೊರಗೆ, ಒಂಟಿ ಸೆಲ್‌ನ ಗಡಿಯಾರದೊಳಗೆ.