ಹೆಲ್ತ್ ಇನ್ಶೂರೆನ್ಸ್ ಕಂತು ಭಾರವಾಗಿದೆ, ನಿಲ್ಲಿಸಲಾ?

ಪ್ರಶ್ನೆ: ಹಾಸನದಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ನನಗೆ 46 ವರ್ಷ, ಶುಗರ್ ಇದೆ. 10 ಲಕ್ಷದ ಪಾಲಿಸಿಯ ಪ್ರೀಮಿಯಂ ವರ್ಷ ವರ್ಷ ಏರುತ್ತಿದೆ. ಇದುವರೆಗೆ ಒಂದು ಕ್ಲೇಮೂ ಮಾಡಿಲ್ಲ. ನಿಲ್ಲಿಸಿಬಿಟ್ಟು, ಬೇಕಾದಾಗ ಹೊಸದು ಮಾಡಿಸಬಹುದಾ?

ಉತ್ತರ: ನಿಲ್ಲಿಸಬೇಡಿ. ಶುಗರ್ ಇರುವವರಿಗೆ ಹೊಸ ಪಾಲಿಸಿ ಕೊಡಲು ಕಂಪನಿ ಒಪ್ಪದೆಯೂ ಇರಬಹುದು. ಒಪ್ಪಿದರೂ ಮೊದಲೇ ಇದ್ದ ಕಾಯಿಲೆಯ ಖರ್ಚು ಕೊಡದೆ 3 ವರ್ಷದವರೆಗೆ ಕಾಯಿಸಬಹುದು. ಹಳೆಯ ಪಾಲಿಸಿಯಲ್ಲಿ ಕಾದಿದ್ದೆಲ್ಲ ಸುಮ್ನೆ ಹೋಗುತ್ತದೆ. ಈ ಕಂಪನಿಯೇ ಬೇಡ ಎನಿಸಿದರೆ ಪೋರ್ಟ್ ಮಾಡಿ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಿ, ಕಾದ ವರ್ಷಗಳ ಲೆಕ್ಕ ಜೊತೆಗೇ ಬರುತ್ತದೆ. ರಿನ್ಯೂವಲ್‌ಗೆ 45 ದಿನ ಮುಂಚೆಯೇ ಅರ್ಜಿ ಹಾಕಿ. ಹೊಸಬರು ಒಪ್ಪುವವರೆಗೆ ಹಳೆಯದನ್ನು ಬಿಡಬೇಡಿ.

ಇನ್ನು ಕಮ್ಮಿ ಮಾಡುವ ವಿಷಯ. ವೈಯಕ್ತಿಕ ಪಾಲಿಸಿಗೆ ಇದ್ದ 18% ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಆಮೇಲೂ ಮೊತ್ತ ಇಳಿದಿಲ್ಲವೆಂದರೆ ಮೂಲ ಪ್ರೀಮಿಯಂ ಏರಿದೆ ಎಂದರ್ಥ. ಯಾಕೆ ಅಂತ ಏಜೆಂಟರನ್ನು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ನನ್ನ ಪ್ರಕಾರ ನಿಜವಾಗಿ ದುಡ್ಡು ಉಳಿಯುವುದು ಸೂಪರ್ ಟಾಪ್-ಅಪ್‌ನಲ್ಲಿ. ಮೂಲ ಪಾಲಿಸಿ 5 ಲಕ್ಷಕ್ಕೆ ಇಳಿಸಿ, 5 ಲಕ್ಷ ದಾಟಿದ ಮೇಲಿನ ಖರ್ಚಿಗೆ ಸೂಪರ್ ಟಾಪ್-ಅಪ್ ಇಟ್ಟುಕೊಳ್ಳುವುದು. ಬರೀ ಟಾಪ್-ಅಪ್ ಅಲ್ಲ, ಸೂಪರ್ ಅಂತ ಇರಬೇಕು. ಒಂದೇ ವರ್ಷ ಎರಡು ಸಲ ಅಡ್ಮಿಟ್ ಆದಿರಿ, ಬಿಲ್ಲು 3 ಲಕ್ಷ ಮತ್ತು 4 ಲಕ್ಷ ಎಂದಿಟ್ಟುಕೊಳ್ಳಿ. ಬರೀ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಯಾಗಿ ನೋಡುತ್ತದೆ. ಯಾವುದೂ 5 ಲಕ್ಷ ದಾಟಿಲ್ಲ, ಹಾಗಾಗಿ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಸೂಪರ್ ಟಾಪ್-ಅಪ್ ಒಟ್ಟು 7 ಲಕ್ಷ ಲೆಕ್ಕ ಹಿಡಿದು, ಮೇಲಿನ 2 ಲಕ್ಷ ಕೊಡುತ್ತದೆ. ಆದರೆ ಇದೂ ಹೊಸ ಪಾಲಿಸಿಯೇ, ಶುಗರ್‌ಗೆ ಇಲ್ಲೂ ಕಾಯಬೇಕಾಗಬಹುದು. ಮೊದಲು ಇದನ್ನು ತಗೊಳ್ಳಿ, ಕಾಯುವ ಅವಧಿ ಮುಗಿದ ಮೇಲೆ ಮೂಲ ಪಾಲಿಸಿ ಇಳಿಸಿ. ಅರ್ಜಿಯಲ್ಲಿ ಶುಗರ್ ಮುಚ್ಚಿಡಬೇಡಿ, ಕ್ಲೇಮ್ ಬಿದ್ದುಹೋಗುವುದೇ ಅಲ್ಲಿ.

ಕೆಲವು ಕಂಪನಿಗಳು ಊರು ನೋಡಿ ದರ ಹಾಕುತ್ತವೆ. ಹಾಸನದ ವಿಳಾಸಕ್ಕೆ ಬೆಂಗಳೂರಿಗಿಂತ ಅಗ್ಗ. ಕೇಳಲು ಚೆಂದ. ಆದರೆ ದೊಡ್ಡ ಕಾಯಿಲೆ ಅಂದಾಗ ನಮ್ಮ ಕಡೆಯವರು ಗಾಡಿ ಹತ್ತುವುದು ಬೆಂಗಳೂರಿಗೇ ಅಲ್ವಾ? ಇಂಥ ಕೆಲವು ಪಾಲಿಸಿಗಳಲ್ಲಿ ದುಬಾರಿ ಊರಿನಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮ ತಲೆಗೇ, ಇದನ್ನೇ ಕೋ-ಪೇ ಅನ್ನುವುದು. ಅದು 20% ಅಂತಿದ್ದರೆ, 4 ಲಕ್ಷದ ಬಿಲ್ಲಿಗೆ 80,000 ರೂಪಾಯಿ ಕೈಯಿಂದ ಹೋಗುತ್ತದೆ. ವರ್ಷಕ್ಕೆ ಒಂದೆರಡು ಸಾವಿರ ಉಳಿಸಲು ಹೋಗಿ ಇದಕ್ಕೆ ಸಿಕ್ಕಿಬೀಳುವುದು ಬೇಡ. ಸಹಿ ಹಾಕುವ ಮುಂಚೆ ಪಾಲಿಸಿ ಪುಸ್ತಕದಲ್ಲಿ ಕೋ-ಪೇ, ಝೋನ್ (ಊರಿನ ದರ್ಜೆ) ಎಂಬ ಪದ ಎಲ್ಲೆಲ್ಲಿದೆ ಅಂತ ಹುಡುಕಿ ಓದಿ.

ಕಟ್ಟಿದ ಪ್ರೀಮಿಯಂಗೆ ತೆರಿಗೆ ಲೆಕ್ಕದ ಆದಾಯದಲ್ಲಿ 25,000 ರೂಪಾಯಿವರೆಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿ ಇಟ್ಟುಕೊಂಡವರಿಗೆ ಮಾತ್ರ. ಹೊಸ ಪದ್ಧತಿಗೆ ಹೋಗಿದ್ದರೆ ಈ ಲೆಕ್ಕ ಬಿಡಿ.