ಲೋಗೋ ಬಣ್ಣ ಗೋಡೆಗೆ ಬಳಿದರೆ ಆಫೀಸು ನಮ್ಮದಾಗುತ್ತಾ?

ಪ್ರಶ್ನೆ: ನಮ್ಮದು ನಲವತ್ತು ಜನರ ಕಂಪನಿ. ಮೂರು ತಿಂಗಳಲ್ಲಿ ಹೊಸ ಬಾಡಿಗೆ ಕಟ್ಟಡಕ್ಕೆ ಹೋಗುತ್ತಿದ್ದೇವೆ. ಒಳಗೆ ಕಾಲಿಟ್ಟವರಿಗೆ ಇದು ನಮ್ಮ ಕಂಪನಿ ಅಂತ ತಕ್ಷಣ ಗೊತ್ತಾಗಬೇಕು ಅನ್ನೋದು ನಮ್ಮ ಆಸೆ. ಇಂಟೀರಿಯರ್ ಕೆಲಸ ಹಿಡಿದವರು ಲೋಗೋದ ಬಣ್ಣಗಳನ್ನೇ ಗೋಡೆ, ಕುರ್ಚಿ, ಕಾರ್ಪೆಟ್ಟಿಗೆಲ್ಲ ಹಾಕೋಣ, ರಿಸೆಪ್ಶನ್ ಹಿಂದೆ ದೊಡ್ಡ ಲೋಗೋ ಕೂರಿಸೋಣ ಎನ್ನುತ್ತಿದ್ದಾರೆ. ಇಷ್ಟು ಮಾಡಿದರೆ ಸಾಕಾ?

ಉತ್ತರ: ಆಫೀಸು ಮಾಡಿಸುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಊರು ಬೇರೆ, ವ್ಯಾಪಾರ ಬೇರೆ, ಪ್ರಶ್ನೆ ಮಾತ್ರ ಒಂದೇ. ನೇರವಾಗಿ ಹೇಳುತ್ತೇನೆ: ಸಾಲದು. ಬಣ್ಣದ ವಿಷಯದಲ್ಲಂತೂ ಅದು ಜಾಸ್ತಿಯೇ ಆಯಿತು.

ಹಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಆಫೀಸು ಮಾಡಿಕೊಟ್ಟೆ. ಲೋಗೋ ಕಿತ್ತಳೆ ಬಣ್ಣದ್ದು. ಮಾಲೀಕರಿಗೆ ಗೋಡೆಯೂ ಕಿತ್ತಳೆ ಆಗಬೇಕಿತ್ತು, ನಾನೂ ಒಪ್ಪಿಕೊಂಡೆ. ಪೂಜೆ ದಿನದ ಫೋಟೋಗಳು ತುಂಬ ಚೆನ್ನಾಗಿ ಬಂದವು. ಎರಡು ವಾರ ಬಿಟ್ಟು ಹೋಗಿ ನೋಡಿದೆ. ಆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ ಅಕೌಂಟ್ಸ್ ವಿಭಾಗದ ಹೆಣ್ಣುಮಗಳೊಬ್ಬರು ಮಾನಿಟರ್ ಹಿಂದೆ ಎರಡು ಬಿಳಿ ಡ್ರಾಯಿಂಗ್ ಶೀಟ್ ಅಂಟಿಸಿಕೊಂಡಿದ್ದರು. "ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತೆ ಸರ್" ಎಂದರು. ವಿಡಿಯೋ ಕಾಲ್‌ನಲ್ಲಿ ಎಲ್ಲರ ಮುಖವೂ ಅರಿಶಿನ ಹಚ್ಚಿದ ಹಾಗೆ ಕಾಣುತ್ತಿತ್ತು. ಗಾಢ ಬಣ್ಣದ ಗೋಡೆಗೆ ಬಿದ್ದ ಬೆಳಕು ಆ ಬಣ್ಣವನ್ನೇ ಹೊತ್ತುಕೊಂಡು ವಾಪಸ್ ಬರುತ್ತದೆ. ಎದುರಿಗೆ ಕೂತವರ ಮುಖ, ಮೇಜು, ಬಿಳಿ ಕಾಗದ ಎಲ್ಲಕ್ಕೂ ಅದು ಮೆತ್ತಿಕೊಳ್ಳುತ್ತದೆ. ಆ ಎರಡು ಬಿಳಿ ಹಾಳೆಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ.

ಲೋಗೋ ಅಂದರೆ ಒಂದು ಸಹಿ. ಕಾಗದದ ಕೆಳಗೆ ಒಂದು ಸಲ ಹಾಕುತ್ತೇವೆ, ಅಷ್ಟೇ. ಕಾಗದದ ತುಂಬ ಸಹಿಯನ್ನೇ ಹಾಕಿದರೆ ಓದುವವರಿಗೆ ಏನು ಸಿಗುತ್ತದೆ? ಮೊದಲು ಕಾಗದದಲ್ಲಿ ಏನು ಬರೆಯಬೇಕು ಎಂಬುದನ್ನು ತೀರ್ಮಾನ ಮಾಡಿ.

ಅದಕ್ಕೆ ನಾನು ಎಲ್ಲರನ್ನೂ ಕೇಳುವುದು ಒಂದೇ ಮಾತು. ಗಿರಾಕಿ ಪಕ್ಕದ ಕಂಪನಿ ಬಿಟ್ಟು ನಿಮ್ಮ ಹತ್ತಿರ ಯಾಕೆ ಬರುತ್ತಾರೆ? ಗುಣಮಟ್ಟ, ಹೊಸತನ, ನಂಬಿಕೆ ಎಂಬ ಉತ್ತರ ಬೇಡ. ಎಲ್ಲರೂ ಹೇಳುವುದು ಅದನ್ನೇ, ಮತ್ತು ಅದರಿಂದ ಒಂದು ಗೋಡೆಯನ್ನೂ ಕಟ್ಟಲಾಗದು. "ಹೇಳಿದ ದಿನಕ್ಕೆ ಮಾಲು ಕಳಿಸುತ್ತೇವೆ", "ಫೋನ್ ಎತ್ತಿದರೆ ಕೆಲಸ ಗೊತ್ತಿರುವವರೇ ಮಾತಾಡುತ್ತಾರೆ", "ನಮ್ಮ ಲೆಕ್ಕದಲ್ಲಿ ಮುಚ್ಚುಮರೆ ಇಲ್ಲ", ಇಂಥ ಮಾತು ಬೇಕು. ಇವನ್ನು ಕಟ್ಟಿ ತೋರಿಸಬಹುದು.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಬಫಲೋ ಊರಿನಲ್ಲಿ ಲಾರ್ಕಿನ್ ಎಂಬ ಸೋಪಿನ ಕಂಪನಿ ಇತ್ತು. ಅಂಚೆಯಲ್ಲಿ ಆರ್ಡರ್ ತೆಗೆದುಕೊಂಡು ಮನೆಮನೆಗೆ ಸಾಮಾನು ಕಳಿಸುತ್ತಿತ್ತು. 1906ರಲ್ಲಿ ಅದರ ಆಫೀಸು ಕಟ್ಟಡ ತೆರೆಯಿತು. ವಿನ್ಯಾಸ ಅಲ್ಲಿನ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರದು. ಪಕ್ಕದಲ್ಲೇ ರೈಲು ಹಳಿ, ಹೊಗೆ, ಮಸಿ. ಅದಕ್ಕೆ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಶುದ್ಧ ಮಾಡಿದ ಗಾಳಿಯನ್ನು ಒಳಗೆ ಬಿಟ್ಟರು. ಗುಡಿಸಿ ಒರೆಸುವುದಕ್ಕೆ ಅಡ್ಡ ಬರಬಾರದು ಎಂದು ಕುರ್ಚಿಗಳನ್ನು ನೆಲದ ಮೇಲೆ ಇಡದೆ ಸ್ಟೀಲಿನ ಮೇಜಿಗೇ ಜೋಡಿಸಿದರು. ಟಾಯ್ಲೆಟ್ಟಿನ ಕಮೋಡನ್ನೂ ನೆಲಕ್ಕೆ ತಾಗಿಸದೆ ಗೋಡೆಗೆ ಕೂರಿಸಿದರು. ಸೋಪು ಮಾರುವವರ ಮಾತು ಸ್ವಚ್ಛತೆ ತಾನೇ? ಅಲ್ಲಿ ಕಸಬರಿಗೆ ಹಿಡಿದವರಿಗೂ ಆ ಮಾತು ನಿಜ ಅಂತ ಗೊತ್ತಾಗುತ್ತಿತ್ತು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮೇಲಿಂದ ಬೆಳಕು ಬೀಳುವ ನಡುವಿನ ಅಂಗಳದಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳ ಮೇಜುಗಳೂ ಎಲ್ಲರ ಕಣ್ಣೆದುರೇ ಇದ್ದವು. 1950ರಲ್ಲಿ ಆ ಕಟ್ಟಡವನ್ನು ಕೆಡವಿಬಿಟ್ಟರು. ಫೋಟೋಗಳಲ್ಲಿ ಮಾತ್ರ ಉಳಿದಿದೆ.

ನಮ್ಮಲ್ಲೇ ಉದಾಹರಣೆ ಬೇಕು ಅಂದರೆ ವಿಧಾನಸೌಧ ನೋಡಿ. ಕಂಪನಿ ಅಲ್ಲದಿದ್ದರೂ ಅದು ಆಫೀಸೇ. ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಮಾಡಿಸಿದ ಕಟ್ಟಡ, ಮುಗಿದದ್ದು 1956ರಲ್ಲಿ. ಕಲ್ಲು ಇಲ್ಲಿನ ಗ್ರಾನೈಟ್. ಸಚಿವ ಸಂಪುಟ ಸಭೆಯ ಕೋಣೆಗೆ ಕೆತ್ತನೆಯ ಗಂಧದ ಬಾಗಿಲು. ಎದುರಿಗೆ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಮಾತು. ಈ ನಾಡು ಯಾವುದು, ಇಲ್ಲಿ ಕೂತವರಿಂದ ಏನನ್ನು ಬಯಸುತ್ತೇವೆ ಎಂಬ ಎರಡೂ ಸಂಗತಿ ಕಲ್ಲಿನಲ್ಲಿ, ಮರದಲ್ಲಿ, ಅಕ್ಷರದಲ್ಲಿ ಇದೆ.

ನಲವತ್ತು ಜನರ ಆಫೀಸಿಗೆ ಇದು ಹೇಗೆ ಹೊಂದುತ್ತದೆ ಅಂತೀರಾ? ಹೊಂದುತ್ತದೆ. ಬೆಳಗಾವಿಯ ಉದ್ಯಮಬಾಗದ ಕಡೆ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿಯವರ ಆಫೀಸು ಮಾಡಿದ್ದೆ. ಅವರು ಮೊದಲು ತೋರಿಸಿದ್ದು ಯಾವುದೋ ಸಾಫ್ಟ್‌ವೇರ್ ಕಂಪನಿಯ ಫೋಟೋ. ಗಾಜು, ಬಿಳಿ ಸನ್ಮೈಕಾ, ಪ್ಲಾಸ್ಟಿಕ್ ಹುಲ್ಲು. ನಾನು ಶಾಪ್ ಫ್ಲೋರ್‌ಗೆ ಹೋಗಿ ಅರ್ಧ ದಿನ ಸುಮ್ನೆ ಕೂತೆ. ಮೂಲೆಯಲ್ಲಿ ಹಳೆಯ ಮರದ ಪ್ಯಾಟರ್ನ್‌ಗಳು ರಾಶಿ ಬಿದ್ದಿದ್ದವು. ಮರಳಿನಲ್ಲಿ ಅಚ್ಚು ಒತ್ತುವುದಕ್ಕೆ ಬಳಸಿ, ಕೆಲಸ ಮುಗಿದ ಮೇಲೆ ಎತ್ತಿಟ್ಟವು. ಚಕ್ರ, ಬಾಗಿದ ಪೈಪು, ಪಂಪಿನ ಹೊಟ್ಟೆ, ಎಲ್ಲವೂ ತೇಗದಲ್ಲಿ. ಕೈ ತಾಗಿ ತಾಗಿ ನಯವಾಗಿದ್ದವು. ಅವುಗಳಲ್ಲಿ ಇಪ್ಪತ್ತನ್ನು ಆರಿಸಿ, ಧೂಳು ಒರೆಸಿ, ರಿಸೆಪ್ಶನ್ ಹಿಂದಿನ ಗೋಡೆಗೆ ಹಾಕಿದೆವು. ಪಾಲಿಶ್ ಕೂಡ ಮಾಡಲಿಲ್ಲ.

ಆಮೇಲೆ ಬಾಗಿಲ ಹಿಡಿಕೆ. ಅದನ್ನು ಅಂಗಡಿಯಿಂದ ತರಬೇಡಿ, ನೀವೇ ಎರಕ ಹೊಯ್ಯಿರಿ ಅಂದೆ. ಹೊರಮೈ ಮರಳಿನ ಅಚ್ಚಿನಿಂದ ಬಂದ ಹಾಗೇ ಒರಟು. ಅಂಗೈ ತಾಗುವ ಕಡೆ ಮಾತ್ರ ಮಷೀನಿಂಗ್ ಮಾಡಿ ಕನ್ನಡಿಯ ಹಾಗೆ ನಯ. ಬಾಗಿಲು ತಳ್ಳುವಾಗ ಬೆರಳ ತುದಿಗೆ ಒರಟು ಸಿಗುತ್ತದೆ, ಅಂಗೈಗೆ ನಯ ಸಿಗುತ್ತದೆ. ಆ ಕಂಪನಿ ಮಾಡುವ ಕೆಲಸವೇ ಅಷ್ಟು: ಒರಟನ್ನು ತಂದು ಅಳತೆಗೆ ನಯ ಮಾಡಿ ಕೊಡುವುದು. ಅಲ್ಲಿನ ಹಳೆಯ ಮೋಲ್ಡರ್ ಒಬ್ಬರು ಹಿಡಿಕೆ ಹಿಡಿದು ನೋಡಿ, "ನಮ್ಮ ಮಾಲ್ ಅಂತ ಕೈಗೇ ಗೊತ್ತಾಗತೈತ್ರಿ" ಅಂದರು. ಅಲ್ಲಿ ಲೋಗೋ ಇರುವುದು ಹೊರಗಿನ ಬೋರ್ಡಿನಲ್ಲಿ ಮತ್ತು ರಿಸೆಪ್ಶನ್ ಮೇಜಿನ ಮೇಲೆ, ಅಂಗೈಯಗಲ. ಅಷ್ಟೇ ಸಾಕಾಗಿದೆ.

ನಿಮ್ಮದು ಎರಕದ ಕೆಲಸ ಆಗಿರಲಿಕ್ಕಿಲ್ಲ. ಕೈಗೆ ಸಿಗುವ ವಸ್ತುವೇ ಇಲ್ಲದ ಸೇವಾ ಕಂಪನಿ ಇರಬಹುದು. ಆಗ ಕೆಲಸದ ರೀತಿಯನ್ನು ನೋಡಿ. ಲೆಕ್ಕದಲ್ಲಿ ಮುಚ್ಚುಮರೆ ಇಲ್ಲ ಅನ್ನುವವರು ಬಿಲ್ಲಿನ ಮಾತಾಡುವ ಕೋಣೆಯನ್ನು ಒಳಮೂಲೆಗೆ ತಳ್ಳಬಾರದು. ಗಿರಾಕಿಯ ಎದುರು ಕೂರುವ ಬದಲು ಪಕ್ಕದಲ್ಲಿ ಕೂತು ಒಂದೇ ಸ್ಕ್ರೀನ್ ನೋಡುವ ಹಾಗೆ ಮೇಜು ಮಾಡಿಸಿ. ಮಾತು ಗುಟ್ಟಾಗಿರಬೇಕಾದ ಕೆಲಸವಾದರೆ, ಉದಾಹರಣೆಗೆ ವಕೀಲರ ಕಚೇರಿ, ಗಾಜಿನ ಪಾರ್ಟಿಷನ್‌ಗಿಂತ ಗಟ್ಟಿ ಗೋಡೆ ಮತ್ತು ಮುಚ್ಚಿದರೆ ಸಂದು ಉಳಿಯದ ಬಾಗಿಲು ಮುಖ್ಯ. ಪಕ್ಕದ ಕೋಣೆಯ ಮಾತು ಕೇಳಿಸುವ ಕಡೆ ಯಾರು ತಾನೇ ತಮ್ಮ ಗುಟ್ಟು ಬಿಚ್ಚಿಡುತ್ತಾರೆ?

ಬಣ್ಣ ಪೂರ್ತಿ ಬೇಡ ಅಂತಲ್ಲ. ಕಣ್ಣಿಗೆ ಬೀಳುವ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಲೋಗೋ ಬಣ್ಣ ಇದ್ದರೆ ಧಾರಾಳ ಆಯಿತು. ಅದನ್ನೂ ಜನ ಓಡಾಡುವ ಕಡೆ ಇಡಿ: ಓಣಿಯ ಕೊನೆ, ಮೀಟಿಂಗ್ ರೂಮಿನ ಬಾಗಿಲು, ಕಾಫಿ ಕುಡಿಯುವ ಜಾಗ. ಎಂಟು ಗಂಟೆ ನೋಡುತ್ತಾ ಕೂರುವ ಗೋಡೆ ತಣ್ಣಗಿರಲಿ. ಇನ್ನೊಂದು ಸಂಗತಿ. ಮೊಬೈಲಿನಲ್ಲಿ ಕಾಣುವ ಲೋಗೋ ಬಣ್ಣ, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ಬಣ್ಣ, ಪೇಂಟ್ ಡಬ್ಬಿಯ ಬಣ್ಣ ಮೂರೂ ಒಂದೇ ಆಗುವುದಿಲ್ಲ. ಸ್ಕ್ರೀನ್ ತಾನೇ ಬೆಳಕು ಬಿಡುತ್ತದೆ, ಗೋಡೆ ಬಿದ್ದ ಬೆಳಕನ್ನು ವಾಪಸ್ ಕಳಿಸುತ್ತದೆ. ಶೇಡ್ ಕಾರ್ಡಿನ ಚಿಕ್ಕ ಚೌಕದಲ್ಲಿ ಹಿತವಾಗಿ ಕಂಡದ್ದು ಇಡೀ ಗೋಡೆಗೆ ಬಂದಾಗ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಮೂರಡಿ ಉದ್ದ ಮೂರಡಿ ಅಗಲ ಗೋಡೆಗೆ ಹಚ್ಚಿಸಿ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ದೀಪವೂ ನೀವು ಹಾಕಿಸಲಿರುವ ದೀಪವೇ ಆಗಿರಬೇಕು. ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಎಂಬುದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ಬಿಳಿ. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ, ಕೆಂಪು ಉರಿಯುತ್ತದೆ. ಕೆಲಸದ ಮೇಜಿಗೆ 4000 ಕೆಲ್ವಿನ್ ಹೊಂದುತ್ತದೆ, ಬೆಳಕಿನ ಪ್ರಮಾಣ 300ರಿಂದ 500 ಲಕ್ಸ್ ಇರಲಿ.

ಬೋರ್ಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದ ಮೇಲೆ, ಕರ್ನಾಟಕದಲ್ಲಿ ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದರೂ ಎಷ್ಟೋ ಕಂಪನಿಗಳು ಇಂಗ್ಲಿಷ್ ಲೋಗೋವನ್ನು ತಿಂಗಳುಗಟ್ಟಲೆ ಕೂತು ಬರೆಸುತ್ತವೆ, ಕನ್ನಡವನ್ನು ಬೋರ್ಡ್ ಅಂಗಡಿಯಲ್ಲಿ ಸಿಕ್ಕ ಫಾಂಟಿನಲ್ಲಿ ಮುಗಿಸಿಬಿಡುತ್ತವೆ. ಒಂದೇ ಹೆಸರು ಎರಡು ಬೇರೆ ಕಂಪನಿಗಳದ್ದು ಅನ್ನುವ ಹಾಗೆ ಕಾಣುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಕನ್ನಡ ಅಕ್ಷರಕ್ಕೆ ಅದರದೇ ಲೆಕ್ಕ ಇದೆ. "ಸಮೃದ್ಧಿ" ಅನ್ನುವ ಪದ ತೆಗೆದುಕೊಳ್ಳಿ. ಮ ಪಕ್ಕ ವಟ್ರಸುಳಿ, ದ ಕೆಳಗೆ ಧಕಾರದ ಒತ್ತು. ಸಾಲಿನ ಕೆಳಗೆ ಇವಕ್ಕೆ ಜಾಗ ಬೇಕು. ಇಂಗ್ಲಿಷಿನ ಅಳತೆಗೆ ಮಾಡಿದ ಪಟ್ಟಿಯಲ್ಲಿ ಕೂರಿಸಿದರೆ ಮೇಲಿನ ಅಕ್ಷರ ಕುಗ್ಗುತ್ತದೆ, ಇಲ್ಲವೇ ಒತ್ತು ಅಂಚಿಗೆ ಬಡಿಯುತ್ತದೆ. ಅಕ್ರಿಲಿಕ್‌ನಲ್ಲಿ ಕತ್ತರಿಸುವಾಗ ಒತ್ತು ಬೇರೆ ತುಂಡಾಗಿ ಬರುತ್ತದೆ, ಸರಿಯಾಗಿ ಅಂಟಿಸದಿದ್ದರೆ ಮೊದಲು ಉದುರುವುದು ಅದೇ. ಮಹಾಪ್ರಾಣದ ಹೊಟ್ಟೆ ಸೀಳು ತೀರ ಸಣ್ಣದಾದರೆ ದೂರದಿಂದ ಧ ಹೋಗಿ ದ ಆಗುತ್ತದೆ. ಆದ್ದರಿಂದ ಕನ್ನಡ ಅಕ್ಷರ ಬರೆಯಬಲ್ಲವರನ್ನು ಹುಡುಕಿ, ಲೋಗೋದ ಗೆರೆಯ ದಪ್ಪ, ಅದರ ಬಾಗು ನೋಡಿಕೊಂಡು ಹೆಸರನ್ನು ಹೊಸದಾಗಿ ಬರೆಸಿ. ಆಮೇಲೆ ಬೋರ್ಡಿನ ಅಳತೆ ನಿಗದಿ ಮಾಡಿ. ಮೀಟಿಂಗ್ ರೂಮು, ಊಟದ ಕೋಣೆ, ತುರ್ತು ದಾರಿಗೂ ಅದೇ ಕೈಬರಹ ಬರಲಿ.

ನಿಮ್ಮದು ಬಾಡಿಗೆ ಕಟ್ಟಡ ಅಂದಿರಿ. ಹಾಗಾದರೆ ಗುರುತನ್ನು ನೆಲಕ್ಕೆ, ಸೀಲಿಂಗಿಗೆ ಹಾಕಿಸಬೇಡಿ. ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ ವಸ್ತುಗಳಲ್ಲಿ ಇರಲಿ: ಮೇಜು, ದೀಪ, ಬಾಗಿಲ ಹಿಡಿಕೆ, ಗೋಡೆಗೆ ತೂಗುಹಾಕಿದ್ದು. ಲೋಗೋ ಕೂಡ ಶಾಶ್ವತ ಅಲ್ಲ. ನಮ್ಮ ನಾಡಿನಲ್ಲೇ ಹುಟ್ಟಿದ ಬ್ಯಾಂಕುಗಳನ್ನು ನೋಡಿ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದವು. ಮೂರೇ ವರ್ಷದಲ್ಲಿ ನಾಲ್ಕು ಹೆಸರುಗಳ ಬೋರ್ಡು ಇಳಿಯಿತು.

ಗುರುತಿನ ಹುಮ್ಮಸ್ಸಿನಲ್ಲಿ ಮೈಗೆ ನೋವಾಗುವಂಥದ್ದನ್ನೂ ಮಾಡಿಬಿಡುತ್ತೇವೆ. ದೊಡ್ಡವರೂ ಮಾಡಿದ್ದಾರೆ. ನೆಲಕ್ಕೆ ಹಚ್ಚುವ ಮೇಣದ ಜಾನ್ಸನ್ ಕಂಪನಿಗೆ ವಿಸ್ಕಾನ್ಸಿನ್‌ನ ರಸೀನ್ ಊರಿನಲ್ಲಿ ಇದೇ ರೈಟ್ ಅವರು ಕಟ್ಟಿದ ಆಫೀಸು 1939ರಲ್ಲಿ ತೆರೆಯಿತು. ತಾವರೆ ಎಲೆಯಂತೆ ಮೇಲೆ ಅರಳುವ ಕಂಬಗಳ ಆ ಹಜಾರವನ್ನು ಇವತ್ತಿಗೂ ದೂರದಿಂದ ಬಂದು ನೋಡುತ್ತಾರೆ. ಅಲ್ಲಿಗೆಂದೇ ಮಾಡಿದ ಕುರ್ಚಿಗಳಲ್ಲಿ ಕೆಲವಕ್ಕೆ ಮೂರೇ ಕಾಲು. ನೆಟ್ಟಗೆ ಕೂರದೆ ಸ್ವಲ್ಪ ವಾಲಿದರೆ ಮಗುಚಿಕೊಳ್ಳುತ್ತಿತ್ತು. ಕಡೆಗೆ ನಾಲ್ಕನೇ ಕಾಲು ಬಂತು. ನಿಮ್ಮ ಕುರ್ಚಿಯನ್ನು ಬಣ್ಣ ನೋಡಿ ಆರಿಸಬೇಡಿ. ಬೇರೆ ಬೇರೆ ಎತ್ತರದ ನಾಲ್ಕೈದು ಜನರನ್ನು ಅರ್ಧರ್ಧ ದಿನ ಕೂರಿಸಿ ನೋಡಿ ಆರಿಸಿ.

ಈಗ ಈ ವಾರ ಮಾಡಬಹುದಾದ ಕೆಲಸ ಹೇಳುತ್ತೇನೆ. ನಿಮ್ಮ ಈಗಿನ ಆಫೀಸಿನ ರಿಸೆಪ್ಶನ್ ಸೋಫಾದಲ್ಲಿ ಹೊರಗಿನವರ ಹಾಗೆ ಇಪ್ಪತ್ತು ನಿಮಿಷ ಕೂರಿ. ಫೋನ್ ಜೇಬಿನಲ್ಲಿರಲಿ. ಏನು ಕಾಣುತ್ತದೆ, ಏನು ಕೇಳಿಸುತ್ತದೆ, ನೀರು ಬೇಕಾ ಅಂತ ಯಾರಾದರೂ ಕೇಳಿದರಾ, ಎಷ್ಟು ಹೊತ್ತಿಗೆ ಕೇಳಿದರು, ಎಲ್ಲವನ್ನೂ ಬರೆದಿಡಿ. ನಿಮ್ಮ ಕಂಪನಿಯ ಸೆಕ್ಯುರಿಟಿಯವರು, ಹಳೆಯ ಇಬ್ಬರು ಗಿರಾಕಿಗಳು, ಹೋದ ತಿಂಗಳು ಸೇರಿದ ಹುಡುಗಿ ಅಥವಾ ಹುಡುಗ, ಇವರನ್ನೂ ಕೇಳಿ. "ನಮ್ಮ ಕಂಪನಿ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ?" ಅಷ್ಟೇ ಪ್ರಶ್ನೆ. ಆ ಉತ್ತರಗಳ ಹಾಳೆಯನ್ನು ಇಂಟೀರಿಯರ್ ಮಾಡುವವರ ಕೈಗೆ ಕೊಟ್ಟು, ಲೋಗೋ ಮುಚ್ಚಿಟ್ಟು ಡ್ರಾಯಿಂಗ್ ಶುರು ಮಾಡಲು ಹೇಳಿ. ಮೂರು ತಿಂಗಳು ಸಮಯ ಇದೆ. ಬಣ್ಣದ ಮಾತು ಕೊನೆಯ ಮೂರು ವಾರಕ್ಕೆ ಇಟ್ಟುಕೊಳ್ಳಿ.