ಸೀಟು ಸಿಕ್ಕಿತೆಂದು ಕಾಲೇಜಿನಿಂದ ಪತ್ರ ಬರುತ್ತದೆಯೇ?

ಪ್ರಶ್ನೆ: ನನ್ನ ಮಗಳು ಸಿಇಟಿ ಬರೆದಿದ್ದಾಳೆ. ಅಣಕು ಸೀಟು ಹಂಚಿಕೆಯಲ್ಲಿ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜು ಬಂದಿದೆ. ಕಾಲೇಜಿನವರು ಪತ್ರ ಕಳುಹಿಸುತ್ತಾರೆಯೇ, ಫೋನ್ ಮಾಡುತ್ತಾರೆಯೇ? ಹಾಸ್ಟೆಲ್‌ಗೆ ಮುಂಗಡ ಕಟ್ಟಿಬಿಡಲೇ?
– ಹಾವೇರಿ ಜಿಲ್ಲೆಯ ಒಬ್ಬ ತಂದೆ

ಉತ್ತರ: ಪತ್ರವೂ ಬರುವುದಿಲ್ಲ, ಫೋನೂ ಬರುವುದಿಲ್ಲ. ಹಾಸ್ಟೆಲ್‌ಗೆ ಈಗಲೇ ಹಣ ಕಟ್ಟಬೇಡಿ.

ಸಿಇಟಿ ಸೀಟನ್ನು ಹಂಚುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಾವೆಲ್ಲ ಕೆಇಎ ಎಂದು ಕರೆಯುವ ಸಂಸ್ಥೆ. ನಿಮ್ಮ ಮಗಳು ಪ್ರವೇಶ ಆದೇಶ ಹಿಡಿದು ಬಾಗಿಲಿಗೆ ಬರುವವರೆಗೂ ಕಾಲೇಜಿನವರಿಗೆ ಅವಳ ಪರಿಚಯವೇ ಇರುವುದಿಲ್ಲ. ಈ ದಿನಗಳಲ್ಲಿ ಯಾರಾದರೂ ಫೋನ್ ಮಾಡಿ ‘ನಿಮ್ಮ ಸೀಟು ಗಟ್ಟಿಯಾಗಿದೆ, ಸ್ವಲ್ಪ ಹಣ ಹಾಕಿ’ ಎಂದರೆ ಅದನ್ನು ಕೆಇಎ ಕರೆ ಎಂದು ನಂಬಬೇಡಿ. ಸೀಟಿನ ನಿರ್ಧಾರ ಪ್ರಕಟವಾಗುವುದು ಕೆಇಎ ಜಾಲತಾಣದಲ್ಲಿ. ನಾವೇ ಹೋಗಿ ನೋಡಬೇಕು, ನೋಡಿದ ಮೇಲೆ ಗಡುವಿನೊಳಗೆ ಉತ್ತರ ಕೊಡಬೇಕು. ಈ ಎರಡನೆಯ ಮಾತು ತಿಳಿಯದೆ ಪ್ರತಿ ವರ್ಷ ಒಳ್ಳೆಯ ರ‍್ಯಾಂಕಿನ ಮಕ್ಕಳು ಸೀಟು ಕಳೆದುಕೊಳ್ಳುತ್ತಾರೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಣಕು ಹಂಚಿಕೆಯ ವಿಚಾರ. ಹೆಸರೇ ಹೇಳುವಂತೆ ಇದು ತಾಲೀಮು. ಇಲ್ಲಿಯವರೆಗೆ ಎಲ್ಲರೂ ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಹಾಕಿರುವ ಆಪ್ಷನ್‌ಗಳ ಮೇಲೆ ಇವತ್ತೇ ಸೀಟು ಹಂಚಿದರೆ ಯಾರಿಗೆ ಏನು ಬರುತ್ತಿತ್ತು ಎಂಬುದನ್ನು ಅದು ತೋರಿಸುತ್ತದೆ. ಅದನ್ನು ನೋಡಿದ ಮೇಲೆ ಸಾವಿರಾರು ಮಕ್ಕಳು ತಮ್ಮ ಪಟ್ಟಿಯನ್ನು ಹಿಂದೆ ಮುಂದೆ ಮಾಡುತ್ತಾರೆ. ಆದ್ದರಿಂದ ಮೊದಲ ಸುತ್ತಿನ ನಿಜವಾದ ಹಂಚಿಕೆಯಲ್ಲಿ ಮೈಸೂರೇ ಬರಬಹುದು, ಅದಕ್ಕಿಂತ ಒಳ್ಳೆಯದು ಬರಬಹುದು, ಮೈಸೂರೂ ಕೈತಪ್ಪಬಹುದು.

ಅಣಕು ಹಂಚಿಕೆಯ ಪ್ರಯೋಜನವೆಂದರೆ ಪಟ್ಟಿ ತಿದ್ದಲು ಸಿಗುವ ಅವಕಾಶ. ಪಟ್ಟಿಯ ತಲೆಯಲ್ಲಿ ದೊಡ್ಡ ಕಾಲೇಜು ಇಟ್ಟರೆ ಕೆಳಗಿನದು ತಪ್ಪಿಹೋಗುತ್ತದೆಯೇ ಎಂದು ಅನೇಕರು ಹೆದರುತ್ತಾರೆ. ಹೆದರಬೇಕಾಗಿಲ್ಲ. ರ‍್ಯಾಂಕಿನ ಸರದಿಯಲ್ಲಿ ನಿಮ್ಮ ಮಗಳ ಹೆಸರು ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಖಾಲಿ ಇರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಮನಸ್ಸಿನಲ್ಲಿ ಯಾವ ಕ್ರಮವಿದೆಯೋ ಪಟ್ಟಿಯಲ್ಲೂ ಅದೇ ಕ್ರಮವಿರಲಿ. ಕೊಟ್ಟರೂ ಹೋಗುವುದಿಲ್ಲ ಎನ್ನುವ ಕಾಲೇಜು ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇರಬಾರದು.

ನಿಜವಾದ ಹಂಚಿಕೆಯ ಫಲಿತಾಂಶ ಬಂದ ದಿನ ಸಿಇಟಿ ಸಂಖ್ಯೆ ಹಾಕಿದರೆ ಕಾಲೇಜು, ಕೋರ್ಸು, ಶುಲ್ಕದ ಜೊತೆಗೆ ಸೀಟು ಯಾವ ವರ್ಗದಡಿ ಬಂದಿದೆ ಎಂಬುದೂ ಕಾಣುತ್ತದೆ. ಉದಾಹರಣೆಗೆ ‘2ಎಆರ್’ ಎಂದಿದ್ದರೆ 2ಎ ಪ್ರವರ್ಗದ ಗ್ರಾಮೀಣ ಸೀಟು. ಕೊನೆಯಲ್ಲಿ ‘ಕೆ’ ಇದ್ದರೆ ಕನ್ನಡ ಮಾಧ್ಯಮದ್ದು, ‘ಜಿ’ ಇದ್ದರೆ ಆ ಪ್ರವರ್ಗದ ಸಾಮಾನ್ಯ ಸೀಟು. ಪ್ರವರ್ಗದ ಮಗುವಿಗೆ ‘ಜಿಎಂ’ ಎಂದು ಬಂದರೆ ಮನೆಯಲ್ಲಿ ಗಾಬರಿಯಾಗುತ್ತದೆ, ಜಾತಿ ಪ್ರಮಾಣಪತ್ರ ತಿರಸ್ಕಾರವಾಯಿತೇ ಎಂದು. ಸಾಮಾನ್ಯವಾಗಿ ಹಾಗೇನೂ ಆಗಿರುವುದಿಲ್ಲ. ರ‍್ಯಾಂಕ್ ಚೆನ್ನಾಗಿದ್ದುದರಿಂದ ಸಾಮಾನ್ಯ ಅರ್ಹತೆಯ, ಅಂದರೆ ಮೀಸಲಾತಿಯಿಲ್ಲದ ಸೀಟೇ ದಕ್ಕಿದೆ ಎಂದರ್ಥ, ಸಂತೋಷಪಡಿ.

ಫಲಿತಾಂಶ ನೋಡಿ ಸಿಹಿ ಹಂಚಿ ಸುಮ್ಮನಾದರೆ ಸೀಟು ನಿಲ್ಲುವುದಿಲ್ಲ. ಲಾಗಿನ್ ಆಗಿ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಆರಿಸಲೇಬೇಕು. ಚಾಯ್ಸ್ 1 ಎಂದರೆ ಈ ಸೀಟು ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ. ಚಾಯ್ಸ್ 2 ಎಂದರೆ ಇದು ನನ್ನ ಕೈಯಲ್ಲಿರಲಿ, ಇದಕ್ಕಿಂತ ಮೇಲಿನದು ಬಂದರೆ ಕೊಡಿ. ಚಾಯ್ಸ್ 3ರಲ್ಲಿ ಈ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಬರಿಗೈಯಲ್ಲಿ ಹೋಗುತ್ತೀರಿ. ಚಾಯ್ಸ್ 4 ಎಂದರೆ ಈ ಹಂಚಿಕೆಯಿಂದಲೇ ಹೊರಗೆ. ಏನನ್ನೂ ಒತ್ತದೆ ಗಡುವು ಕಳೆದರೆ ಸೀಟು ರದ್ದಾಗುತ್ತದೆ.

ಇವುಗಳಲ್ಲಿ ಕಣ್ಣೀರು ಹಾಕಿಸುವುದು ಚಾಯ್ಸ್ 2. ಪಟ್ಟಿಯ 12ನೆಯ ಆಪ್ಷನ್ ಬಂದಿದೆ ಎಂದುಕೊಳ್ಳಿ. ಮುಂದಿನ ಸುತ್ತಿನಲ್ಲಿ 1ರಿಂದ 11ರವರೆಗಿನದನ್ನು ಮಾತ್ರ ನೋಡುತ್ತಾರೆ. ಅವುಗಳಲ್ಲಿ ಒಂದು ಬಂದರೆ 12ನೆಯದು ಆ ಕ್ಷಣವೇ ಬೇರೆಯವರ ಪಾಲಾಗುತ್ತದೆ, ಮತ್ತೆ ಬೇಕೆಂದರೆ ಸಿಗುವುದಿಲ್ಲ. ನಾನು ಬಲ್ಲ ಒಬ್ಬ ಹುಡುಗ ಮನೆಯ ಹತ್ತಿರದ ಕಾಲೇಜಿನ ಸೀಟು ಇಟ್ಟುಕೊಂಡೇ ಚಾಯ್ಸ್ 2 ಒತ್ತಿದ್ದ. ಯಾರದೋ ಮಾತು ಕೇಳಿ ಐದನೆಯದಾಗಿ ಹಾಕಿದ್ದ ದೂರದೂರಿನ ಕಾಲೇಜೊಂದು ಎರಡನೆಯ ಸುತ್ತಿನಲ್ಲಿ ಬಂದುಬಿಟ್ಟಿತು. ಅದನ್ನು ತೆಗೆದುಹಾಕಲು ಎರಡು ನಿಮಿಷ ಸಾಕಾಗಿತ್ತು. ಚಾಯ್ಸ್ 2 ಒತ್ತುವ ಮೊದಲು ಮೇಲಿನ ಪ್ರತಿಯೊಂದು ಆಪ್ಷನ್ನಿಗೂ ‘ಇದು ಬಂದರೆ ಕೈಯಲ್ಲಿರುವುದನ್ನು ಬಿಟ್ಟು ಹೋಗುತ್ತೀಯಾ’ ಎಂದು ಮಗಳನ್ನು ಕೇಳಿ. ತಡವರಿಸಿದರೆ, ತಿದ್ದುಪಡಿಗೆ ಅವಕಾಶವಿರುವ ದಿನಗಳಲ್ಲೇ ಅದನ್ನು ಅಳಿಸಿಹಾಕಿ. ಚಾಯ್ಸ್ 2 ಆರಿಸಿದವರು ಶುಲ್ಕ ಯಾವಾಗ ಕಟ್ಟಬೇಕು ಎಂಬ ನಿಯಮ ಬದಲಾಗುತ್ತಾ ಬಂದಿದೆ. ಹಿಂದಿನ ವರ್ಷ ಸೇರಿದವರ ಮಾತು ನಂಬದೆ ಈ ವರ್ಷದ ಸೂಚನೆಯನ್ನೇ ಓದಿ.

ಇನ್ನು ಲೆಕ್ಕ ಇಟ್ಟುಕೊಳ್ಳುವ ಬಗೆ. ಮಗಳು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಯನ್ನೂ ಬರೆದಿದ್ದರೆ ಅಲ್ಲಿನ ಸುತ್ತುಗಳು ಬೇರೆ, ಗಡುವು ಬೇರೆ, ಶುಲ್ಕವೂ ಬೇರೆ. ಜೆಇಇ ಬರೆದಿದ್ದರೆ ಎನ್‌ಐಟಿ, ಐಐಟಿಗಳಿಗಾಗಿ ಜೋಸಾ ಎಂಬ ಕೇಂದ್ರೀಯ ಸೀಟು ಹಂಚಿಕೆಯ ‘ಫ್ರೀಜ್, ಫ್ಲೋಟ್, ಸ್ಲೈಡ್’ ಎಂಬ ಮತ್ತೊಂದು ಭಾಷೆ ಕಲಿಯಬೇಕು. ಇದೆಲ್ಲ ತಲೆಯಲ್ಲಿ ನಿಲ್ಲುವಂಥದ್ದಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದೊಂದು ಹಂಚಿಕೆಗೆ ಒಂದೊಂದು ಪುಟ ಮಾಡಿ. ಫಲಿತಾಂಶದ ದಿನ, ಬಂದ ಸೀಟು, ಒತ್ತಿದ ಚಾಯ್ಸ್, ಉತ್ತರಿಸಲು ಕೊನೆಯ ದಿನ ಮತ್ತು ಗಂಟೆ, ಕಟ್ಟಿದ ಹಣ, ಮೂಲ ದಾಖಲೆಗಳು ಈಗ ಯಾರ ಬಳಿ ಇವೆ – ಇಷ್ಟನ್ನು ಕೈಯಿಂದ ಬರೆದಿಡಿ. ಗಂಟೆಯನ್ನು ಬರೆಯುವುದು ಮುಖ್ಯ. ಗಡುವು ಬೆಳಿಗ್ಗೆ 11ಕ್ಕೇ ಮುಗಿಯುವಾಗ ‘ಇವತ್ತು ಸಂಜೆ ಮಾಡೋಣ’ ಎಂದುಕೊಂಡವರ ಗೋಳು ಕೇಳಿದ್ದೇನೆ. ಮೂಲ ಅಂಕಪಟ್ಟಿ ಒಂದು ಕಾಲೇಜಿನಲ್ಲಿ ಕೂತು, ಇನ್ನೊಂದು ಕಾಲೇಜಿನ ಕೊನೆಯ ದಿನ ಬಂದಾಗ ಆಗುವ ಪರದಾಟವೂ ಈ ಪುಟವಿದ್ದರೆ ತಪ್ಪುತ್ತದೆ. ಪ್ರತಿ ಹೆಜ್ಜೆಯಲ್ಲೂ ಪರದೆಯ ಚಿತ್ರ ತೆಗೆದು ದಿನಾಂಕ ಹಾಕಿ ಉಳಿಸಿಕೊಳ್ಳಿ.

ಒಂದು ಮಾತು ಒತ್ತಿ ಹೇಳಬೇಕು. ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸಿದ್ದರೆ, ಅದರಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ ಎಂದು ಇವತ್ತೇ ನೋಡಿ. ಎಷ್ಟೋ ಅರ್ಜಿಗಳಲ್ಲಿ ಅಂಗಡಿಯವರ ಸಂಖ್ಯೆ ಇರುತ್ತದೆ. ಕೊನೆಯ ದಿನ ಒಟಿಪಿ ಅವರ ಫೋನಿಗೆ ಹೋಗಿ, ಅಂಗಡಿಗೆ ಬೀಗ ಬಿದ್ದಿದ್ದರೆ ನೀವು ಬೀದಿಯಲ್ಲಿ ನಿಂತು ಏನು ಮಾಡುವಿರಿ? ಪಾಸ್‌ವರ್ಡ್ ಕೂಡ ಮಗಳ ಬಳಿಯೇ ಇರಲಿ. 2024ರಲ್ಲಿ ವಿದ್ಯಾರ್ಥಿಗಳ ಲಾಗಿನ್ ವಿವರ ಬಳಸಿ ಎಂಜಿನಿಯರಿಂಗ್ ಸೀಟುಗಳನ್ನು ಬ್ಲಾಕ್ ಮಾಡಿದ, ಅಂದರೆ ಸೇರುವ ಉದ್ದೇಶವಿಲ್ಲದೆ ಹಿಡಿದಿಟ್ಟ ಹಗರಣ ಪೊಲೀಸ್ ತನಿಖೆಯವರೆಗೂ ಹೋಯಿತು.

ಹಾಸ್ಟೆಲ್ ವಿಚಾರಕ್ಕೆ ಬರುತ್ತೇನೆ. ನಿಜವಾದ ಹಂಚಿಕೆಯಲ್ಲಿ ಮೈಸೂರೇ ಬಂದು, ಚಾಯ್ಸ್ 1 ಒತ್ತಿ, ಶುಲ್ಕ ಕಟ್ಟಿ, ಪ್ರವೇಶ ಆದೇಶವನ್ನು ಮುದ್ರಿಸಿಕೊಂಡ ಮೇಲೆ, ಅದರಲ್ಲಿರುವ ಕೊನೆಯ ದಿನದೊಳಗೆ ಮೂಲ ದಾಖಲೆಗಳೊಂದಿಗೆ ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ. ದಾಖಲೆ ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ. ಅಂದೇ ಹಾಸ್ಟೆಲ್ ಕೊಠಡಿ ನೋಡಿ ಮುಂಗಡ ಕೊಡಬಹುದು. ಚಾಯ್ಸ್ 2 ಒತ್ತಿದ್ದರೆ ಕೊನೆಯ ಸುತ್ತು ಮುಗಿಯುವವರೆಗೆ ಆ ಹಣ ನಿಮ್ಮ ಬಳಿಯೇ ಇರಲಿ.